ದೊಡ್ಡಾಕಿಯ ನೀರು

ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಯಾರನ್ನಾದರೂ ನಿಲ್ಲಿಸಿ, ಭೀಮಾಶಂಕರನ ಹಂದಿ ಫಾರ್ಮ್ ಎಲ್ಲಿ ಎಂದು ಕೇಳಿ ನೋಡಿ. ಮನುಷ್ಯರೇ ಬೇಕಿಲ್ಲ, ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಕೂಡ ಕೈ ಚಾಚಿ ತೋರಿಸುತ್ತದೆ. ನಾನೂರು ಹಂದಿಗಳ ಒಡೆಯ ನಾನು. ಇಷ್ಟು ಹೇಳಿದರೆ ಸಾಕು, ನನ್ನ ಹೆಂಡತಿ ಲಲಿತಾ ಎಲ್ಲಿದ್ದರೂ ಒಮ್ಮೆ ಕೆಮ್ಮುತ್ತಾಳೆ. ನಾನೂರನ್ನು ಹತ್ತರಿಂದ ಭಾಗಿಸಿಕೊಳ್ಳಿ ಎಂಬುದು ಆ ಕೆಮ್ಮಿನ ಅರ್ಥ. ಎರಡನೆಯ ಸಲ ಕೆಮ್ಮಿದರೆ, ಒಡೆಯ ಇವನಲ್ಲ, ನಾನು ಎಂದು.

ನಮ್ಮದು ಮೂಲದಲ್ಲಿ ಕುರಿ ಕಾಯುವ ಮನೆತನ. ನಮ್ಮ ಅಜ್ಜನ ಹಿಂಡು ಎಷ್ಟು ದೊಡ್ಡದಿತ್ತೆಂದರೆ ಮುಂದಿನ ಕುರಿ ಮಮದಾಪುರದ ಕೆರೆಯಲ್ಲಿ ನೀರು ಕುಡಿಯುವಾಗ ಹಿಂದಿನ ಕುರಿ ಇನ್ನೂ ತೊರವಿಯಲ್ಲಿ ಮೇಯುತ್ತಿತ್ತು. ನಮ್ಮಪ್ಪ ಅಮೋಘಸಿದ್ದ ಕುರಿ ಬಿಟ್ಟು ದಾಳಿಂಬೆ ಹಿಡಿದ. ಸೊಸೆ ಲಲಿತಾ ಆ ದಾಳಿಂಬೆ ತೋಟದ ಮಗ್ಗುಲಿಗೇ ಹಂದಿಯ ಶೆಡ್ ಎಬ್ಬಿಸಿದಳು. ಬೀಗರು ಮೂಗು ಮುಚ್ಚಿಕೊಂಡು ಬಂದರು, ಹೊಟ್ಟೆ ತುಂಬ ಉಂಡರು, ಮೂಗು ಮುಚ್ಚಿಕೊಂಡೇ ಹೋದರು. ಲಲಿತಾ ತಲೆ ಕೆಡಿಸಿಕೊಳ್ಳಲಿಲ್ಲ. ಗೋಳಗುಮ್ಮಟದಲ್ಲಿ ಆಡಿದ ಮಾತು ಏಳು ಸಲ ಕೇಳಿಸಿದರೆ ಲಲಿತಾ ಆಡಿದ ಮಾತು ನಮ್ಮ ಮನೆಯಲ್ಲಿ ಏಳು ವರ್ಷ ಕೇಳಿಸುತ್ತದೆ.

ಅಂಥ ಮಾತುಗಳಲ್ಲಿ ಒಂದು: ಹಂದಿ ಮೇವು ಬಿಡುವ ಮೊದಲು ನೀರು ಬಿಡುತ್ತದೆ. ಜ್ವರ ಮೈಗೆ ಬಂದದ್ದು ನಮ್ಮ ಕಣ್ಣಿಗೆ ಕಾಣುವ ಒಂದು ದಿನ ಮೊದಲೇ ಅದು ಕುಡಿಯುವುದು ಕಡಿಮೆಯಾಗುತ್ತದೆ. ಹಾಗೆಂದು ವಿಜಯಪುರದ ಯಾವುದೋ ತರಬೇತಿಯಲ್ಲಿ ಕೇಳಿ ಬಂದವಳೇ ಗಾಂಧಿ ಚೌಕದಲ್ಲಿ ಪೈಪಿನ ಅಂಗಡಿ ಇಟ್ಟಿರುವ ಯಾಕೂಬನಿಂದ ಒಂದು ನೀರಿನ ಮೀಟರ್ ತಂದು, ಟಾಕಿಯಿಂದ ಶೆಡ್ಡಿಗೆ ಬರುವ ಪೈಪಿಗೆ ಕೂರಿಸಿದಳು. ಯಾಕೂಬ ನನ್ನ ಹಳೆಯ ಗೆಳೆಯ. ಪೈಪುಗಳನ್ನೆಲ್ಲ ಗೋಡೆಯ ಹೊರಗಡೆಯಿಂದಲೇ ಹಾಯಿಸಿ, ಒಳಗಿನ ಕೆಲಸ ನಿನ್ನದು, ಹೊರಗಿನದು ನನ್ನದು ಎಂದು ಮೊದಲೇ ಗೆರೆ ಎಳೆದಿದ್ದ. ಅಂದಿನಿಂದ ದಿನಾ ಬೆಳಿಗ್ಗೆ ಲಲಿತಾ ನನ್ನ ಮುಖ ನೋಡುವ ಮೊದಲು ಮೀಟರಿನ ಮುಖ ನೋಡುತ್ತಾಳೆ. ನೋಡುವುದಷ್ಟೇ ಅಲ್ಲ, ನಂಬುತ್ತಾಳೆ ಕೂಡ.

ಅಪ್ಪನ ವಿದ್ಯೆ ಬೇರೆ. ನಮ್ಮ ಕಡೆ ದಾಳಿಂಬೆಗೆ ‘ತಾಣ’ ಕೊಡುತ್ತಾರೆ. ಪೇಟೆಯವರು ತಾಣವೆಂದರೆ ಜಾಗ ಎಂದುಕೊಳ್ಳುತ್ತಾರೆ. ಇದು ಮರಾಠಿಯಿಂದ ಬಂದ ಮಾತು, ಗಿಡಕ್ಕೆ ನೀರು ನಿಲ್ಲಿಸಿ ಬಾಯಾರಿಸುವುದು. ಬಾಯಾರಿದ ಗಿಡ ಎಲೆ ಉದುರಿಸುತ್ತದೆ, ಇನ್ನು ತನ್ನ ಕಥೆ ಮುಗಿಯಿತೆಂದು ಹೆದರುತ್ತದೆ, ಮತ್ತೆ ನೀರು ಸಿಕ್ಕ ಕೂಡಲೇ ಮೈತುಂಬ ಹೂ ಬಿಡುತ್ತದೆ. ಎಷ್ಟು ಬಾಯಾರಿಸಬೇಕು, ಎಲ್ಲಿಗೆ ಸಾಕು ಎನ್ನುವುದು ಕೈಯಲ್ಲಿರುವ ಗುಣ. ಅಪ್ಪನ ಕೈಗುಣ ಕೇಳಿ ಸೋಲಾಪುರದವರು ವಿಮಾನದಲ್ಲಿ ಬಂದಿಳಿದಿದ್ದರು. ಲಲಿತಾ ಕೆಮ್ಮಿದಳು; ವಿಮಾನ ಅಲ್ಲ, ಬೊಲೆರೋ.

ಆ ಡಿಸೆಂಬರಿನಲ್ಲಿ ದಾಳಿಂಬೆ ತಾಣದಲ್ಲಿತ್ತು. ಚಳಿ ಎಷ್ಟಿತ್ತೆಂದರೆ ಒಲೆಯ ಬೆಂಕಿಯೇ ಕಂಬಳಿ ಕೇಳುತ್ತಿತ್ತು. ಅಂಥದರಲ್ಲಿ ಗಡಿಯಾಚೆ ಎಲ್ಲೋ ಹಂದಿ ಜ್ವರ ಬಂದಿದೆ ಎಂಬ ಸುದ್ದಿ ಮೊಬೈಲಿಗೆ ಬಂತು. ಇದು ಮನುಷ್ಯರಿಗೆ ಬರುವುದಲ್ಲ, ಹಂದಿಗಳಿಗಷ್ಟೇ ಬರುವ ಮದ್ದಿಲ್ಲದ ಜ್ವರ. ಒಂದು ಹಂದಿಗೆ ಬಂದದ್ದು ಖಾತ್ರಿಯಾದರೆ ಸರಕಾರದವರು ಬಂದು ಆ ಫಾರ್ಮಿನಲ್ಲಿ ಮಾತ್ರವಲ್ಲ, ಒಂದು ಕಿಲೋಮೀಟರ್ ಸುತ್ತಿನಲ್ಲಿ ಹಂದಿ ಎಂಬುದನ್ನು ಉಳಿಸದೆ ಕೊಂದು ಸುಣ್ಣ ಹಾಕಿ ಹುಗಿಯುತ್ತಾರೆ. ಈ ಮಾತಿಗೆ ನಾನು ಒಂದು ಚಿಟಿಕೆ ಉಪ್ಪನ್ನೂ ಸೇರಿಸಿಲ್ಲ.

ಲಲಿತಾ ಕೂಡಲೇ ಕಾನೂನು ಮಾಡಿದಳು. ಎರಡು ಶೆಡ್ಡಿನಲ್ಲಿ ಒಬ್ಬರೇ ಓಡಾಡಿದರೆ ರೋಗ ಕಾಲಿಗೆ ಅಂಟಿ ಅಲ್ಲಿಂದಿಲ್ಲಿಗೆ ಬರುತ್ತದೆ. ಆದ್ದರಿಂದ ಬೆಳೆಯುವ ಮರಿಗಳಿರುವ ದೊಡ್ಡ ಶೆಡ್ ಅವಳದು ಮತ್ತು ನನ್ನದು. ಆರು ತಾಯಿ ಹಂದಿಗಳಿರುವ ಸಣ್ಣ ಶೆಡ್ ಅಪ್ಪನದು. ಅವನು ಈ ಕಡೆ ಬರಬಾರದು, ನಾವು ಆ ಕಡೆ ಹೋಗಬಾರದು. ನಗರದ ಖಾನಾವಳಿಗಳಲ್ಲಿ ಉಳಿದ ಅನ್ನ, ಸಾರು, ಪಲ್ಯ ತಂದು ಕುದಿಸಿ, ಬಕೆಟ್ ತುಂಬಿಸಿ ಬಾಗಿಲ ಹೊರಗಿಟ್ಟರೆ ಅಪ್ಪ ಒಳಗೆ ಒಯ್ಯುತ್ತಾನೆ. ಕೆಲಸದ ಹೊತ್ತಿನಲ್ಲಿ ಮಾತೆಲ್ಲ ಬೇಲಿಯ ಮೇಲಿನಿಂದ.

ಈ ಆರು ತಾಯಿಗಳೇ ಫಾರ್ಮಿನ ಬೇರು. ಮರಿ ಸತ್ತರೆ ಮತ್ತೆ ಹುಟ್ಟುತ್ತವೆ, ತಾಯಿ ಹೋದರೆ ಫಾರ್ಮೇ ಹೋದಂತೆ. ಅವುಗಳಲ್ಲಿ ದೊಡ್ಡಾಕಿ ಎಂದು ನಾವು ಕರೆಯುವವಳು ಲಲಿತಾ ಕೊಂಡುತಂದ ಮೊದಲ ಹಂದಿ. ಅವಳು ಮಗ್ಗುಲು ಬದಲಿಸಿದರೆ ಬಬಲೇಶ್ವರದಲ್ಲಿ ಬಸ್ಸು ನಿಲ್ಲುತ್ತದೆ, ಭೂಕಂಪವೆಂದು. ಆರರಲ್ಲಿ ಒಂದೂ ಈ ಸಲ ಬೆದೆಗೆ ಬಂದಿಲ್ಲ ಎಂಬುದು ಲಲಿತಾಳ ದಿನದ ಕೊರಗು. ಊಟಕ್ಕೆ ಕೂತಾಗ ರೊಟ್ಟಿಗಿಂತ ಮೊದಲು ಅದನ್ನೇ ಬಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಮೀಟರ್ ನೋಡಿ ಬಂದವಳು ಚಹದ ಲೋಟ ಹಿಡಿದು ಹಾಗೆಯೇ ನಿಂತಳು. ನೀರು ಇಳಿದಿದೆ ಎಂದಳು. ಚಳಿಗೆ ಕುಡಿದಿಲ್ಲ ಬಿಡು, ನಾನೂ ಕುಡಿದಿಲ್ಲ ಎಂದೆ. ಮರುದಿನ ಇನ್ನಷ್ಟು ಇಳಿದಿತ್ತು. ಮಾಮೂಲಿನ ನಾಲ್ಕು ಪಾಲಿನಲ್ಲಿ ಒಂದು ಪಾಲು ನೀರು ಹಂದಿಗಳ ಹೊಟ್ಟೆಗೆ ಹೋಗಿರಲಿಲ್ಲ. ಲಲಿತಾ ನಮ್ಮ ಶೆಡ್ಡಿನಲ್ಲಿ ಒಂದೊಂದು ಮರಿಯ ಕಿವಿ ಮುಟ್ಟಿ ನೋಡಿದಳು. ಹಿತ್ತಾಳೆಯ ನಿಪ್ಪಲ್ಲುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಹಂದಿ ಮೂತಿಯಿಂದ ಒತ್ತಿದಾಗ ನೀರು ಚಿಮ್ಮುವ ನಲ್ಲಿಗಳವು. ಎಲ್ಲ ಸರಿ ಇದ್ದವು. ಮರಿಗಳು ಎಂದಿನಂತೆ ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತಿದ್ದವು.

ಬೇಲಿಯ ಮೇಲಿನಿಂದ ಅಪ್ಪನನ್ನು ಕೇಳಿದಳು. ಮೇವು ಅಷ್ಟಕ್ಕಷ್ಟೇ ಎಂದ ಅಪ್ಪ. ಅವಳ ಮುಖದ ಬಣ್ಣ ಹೋದದ್ದು ನೋಡಿ ಸಮಾಧಾನ ಹೇಳಿದ.

“ಇರ್ಲಿ ತಗೋ ಬೇ ತಂಗಿ. ಮೊದಲ ಹಾಂಗ ಆಗತದ. ಆಮ್ಯಾಲ ತಾವ ದಾರಿಗಿ ಬರತಾವ.”

ಮುದುಕರ ಸಮಾಧಾನ ಎಂದುಕೊಂಡೆವು.

ಮೂರನೆಯ ಬೆಳಿಗ್ಗೆಯೂ ಮೀಟರ್ ಅದೇ ಮಾತು ಹೇಳಿತು. ಇನ್ನಷ್ಟು ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಜ್ವರವಾದರೆ ದಿನದಿಂದ ದಿನಕ್ಕೆ ಇಳಿಯುತ್ತ ಹೋಗಬೇಕು, ಇದು ಮೆಟ್ಟಿಲು ಇಳಿದು ಅಲ್ಲೇ ಕೂತಂತಿದೆಯಲ್ಲ ಎಂದು ಲಲಿತಾ ತನ್ನಷ್ಟಕ್ಕೇ ಅನ್ನುತ್ತಿದ್ದಳು. ನಾನು ಮೀಟರ್ ಸುಳ್ಳು ಹೇಳುತ್ತಿರಬಹುದು ಎಂದೆ. ಸುಳ್ಳಿನ ವಿಷಯದಲ್ಲಿ ಈ ಸೀಮೆಯಲ್ಲಿ ನನಗಿಂತ ಅನುಭವಿ ಇಲ್ಲ. ಅಷ್ಟರಲ್ಲಿ ಸಣ್ಣ ಶೆಡ್ಡಿನ ಒಳಗಿನಿಂದ ಅಪ್ಪ ನನ್ನನ್ನು ಕೂಗಿದ. ಅಪ್ಪ ಎಂದೂ ಹಾಗೆ ಕೂಗಿದವನಲ್ಲ.

“ಲೇ ಭೀಮ್ಯಾ, ದೊಡ್ಡಾಕಿ ಗ್ವಾಡಿಗಿ ತಲಿ ಹಚ್ಚಿ ನಿಂತಾಳ. ಕರದ್ರ ಹೊಳ್ಳಿ ನೋಡವಲ್ಲಳು. ಕಣ್ಣ ಕಾಣ್ತಾವೋ ಇಲ್ಲೋ.”

ನಾವು ಬೇಲಿಯ ಹತ್ತಿರ ಓಡಿದೆವು. ತಗಡಿನ ಬಾಗಿಲ ಸಂದಿನಿಂದ ಕಂಡದ್ದು ಇಷ್ಟು: ದೊಡ್ಡಾಕಿ ಗೋಡೆಗೆ ಹಣೆ ಒತ್ತಿ, ಗೋಡೆಯನ್ನು ದಬ್ಬಿ ಆಚೆ ಹೋಗುವವಳಂತೆ ನಿಂತಿದ್ದಳು. ಪಕ್ಕದಲ್ಲಿ ಸಣ್ಣವಳೊಬ್ಬಳು ಮಲಗಿದಲ್ಲೇ ಕಾಲು ಝಾಡಿಸುತ್ತಿದ್ದಳು. ಉಳಿದವು ನಿಂತಲ್ಲೇ ತೂಗಾಡುತ್ತಿದ್ದವು. 

ಲಲಿತಾ ತಿಕೋಟಾದ ಪಶು ವೈದ್ಯೆ ಸುಧಾರಾಣಿಗೆ ಫೋನ್ ಹಚ್ಚಲು ಹೋದಳು. ನಾನು ಅವಳ ಕೈ ಹಿಡಿದೆ. ಒಮ್ಮೆ ಡಾಕ್ಟರಿಗೆ ಹೇಳಿದರೆ ಮುಗಿಯಿತು, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಮೀರಜ್ ಕಡೆಯ ವ್ಯಾಪಾರಿ ಆ ಹೊತ್ತು ವಿಜಯಪುರದಲ್ಲೇ ಇದ್ದ. ಮಧ್ಯಾಹ್ನದೊಳಗೆ ಗಾಡಿ ತಂದು, ಓಡಾಡುತ್ತಿರುವ ನಾಲ್ವತ್ತೂ ಮರಿಗಳನ್ನು ತುಂಬಿಕೊಂಡು ಹೋಗುತ್ತಾನೆ. ಆ ಮೇಲೆ ಬೇಕಾದರೆ ಡಾಕ್ಟರನ್ನು ಕರೆಯೋಣ. ಇದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದೆ.

ಲಲಿತಾ ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಕಡೆ ನೋಡಿದಳು.

“ನಮ್ಮ ಮನಿಗಿ ಬಂದ ಬ್ಯಾನಿ ಮತ್ತೊಬ್ಬರ ಮನಿಗಿ ಮಾರೂದೇನ್ರಿ? ಅಲ್ಲೂ ಒಬ್ಬಾಕಿ ನನ್ನಂಥಾಕಿ ಮೀಟರ್ ನೋಡಕೋತ ನಿಂತಿರತಾಳ.”

ಅಷ್ಟು ಹೇಳಿ ಫೋನ್ ಹಚ್ಚಿದಳು. ಡಾಕ್ಟರ್ ಮಮದಾಪುರದಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದರು. ಫಾರ್ಮಿನಿಂದ ಒಂದು ನೊಣವೂ ಹೊರಗೆ ಹೋಗಬಾರದು, ಹೊರಗಿನಿಂದ ಯಾರೂ ಶೆಡ್ಡಿನೊಳಗೆ ಕಾಲಿಡಬಾರದು, ಇಲ್ಲಿಯ ಕೆಲಸ ಮುಗಿಸಿ, ಕೈಕಾಲು ತೊಳೆದು ಬಟ್ಟೆ ಬದಲಿಸಿಕೊಂಡು ಬರುತ್ತೇನೆ ಎಂದರು. ಜ್ವರ ನೋಡಿ ಹೇಳಿ ಎಂದರು. ಲಲಿತಾ ಥರ್ಮಾಮೀಟರನ್ನು ಬಕೆಟ್ಟಿನಲ್ಲಿಟ್ಟು ಅಪ್ಪನಿಗೆ ಕೊಟ್ಟಳು. ಕನ್ನಡಕ ಏರಿಸಿ, ಇಳಿಸಿ, ಬಿಸಿಲಿಗೆ ಹಿಡಿದು ಅಪ್ಪ ಓದಿ ಹೇಳಿದ. ಆರರಲ್ಲಿ ಒಂದಕ್ಕೂ ಜ್ವರ ಇರಲಿಲ್ಲ.

ನನಗೆ ಎದೆ ಹಗುರಾಯಿತು. ಲಲಿತಾಳಿಗೆ ಇನ್ನೂ ಭಾರವಾಯಿತು. ಜ್ವರವಿಲ್ಲದೆ ತಲೆ ಗೋಡೆಗೆ ಒತ್ತುವುದೆಂದರೆ ಏನು? ಫೋನಿನಲ್ಲಿ ಡಾಕ್ಟರ್, ನೀರು ಕಡಿಮೆಯಾದದ್ದು ಎರಡೂ ಶೆಡ್ಡಿನಲ್ಲೋ, ಒಂದರಲ್ಲೋ ಎಂದು ಕೇಳಿದರು. ಲಲಿತಾ ಹಣೆ ಮುಟ್ಟಿಕೊಂಡಳು. ಮೀಟರ್ ಇದ್ದದ್ದು ಒಂದೇ, ಎರಡು ಶೆಡ್ಡಿನ ನೀರನ್ನೂ ಅದು ಕೂಡಿಸಿಯೇ ಹೇಳುತ್ತಿತ್ತು. ಮರಿಗಳೂ ಕಡಿಮೆ ಕುಡಿಯುತ್ತಿದ್ದರೆ ರೋಗ ಅಲ್ಲಿಗೂ ಬಂದಂತೆ. ಅದು ಗೊತ್ತಾಗಲೇಬೇಕಿತ್ತು. ಯಾಕೂಬನಿಗೆ ಫೋನ್ ಮಾಡಿ, ಸಣ್ಣ ಶೆಡ್ಡಿನ ಪೈಪಿಗೆ ಇನ್ನೊಂದು ಮೀಟರ್ ಈಗಲೇ ಬೇಕು ಎಂದಳು.

ಕಾಯುವುದಿದೆಯಲ್ಲ, ಅದನ್ನು ಎಷ್ಟು ಉದ್ದ ಮಾಡಿ ಹೇಳಿದರೂ ಅದು ಇದ್ದದ್ದಕ್ಕಿಂತ ಗಿಡ್ಡವೇ ಆಗುತ್ತದೆ. ವ್ಯಾಪಾರಿಯ ಫೋನ್ ನನ್ನ ಕಿಸೆಯಲ್ಲಿ ಗುರ್ ಎನ್ನುತ್ತಿತ್ತು. ಯಾವನೋ ಅವನಿಗೆ ಸುದ್ದಿ ಮುಟ್ಟಿಸಿದ್ದ. ಅರ್ಧ ಬೆಲೆಗೆ ಕೊಡುತ್ತೀಯಾ ಎಂದು ಮೆಸೇಜೂ ಬಂತು. ದಾರಿಯಲ್ಲಿ ಬೈಕು ನಿಧಾನ ಮಾಡಿ ಇಣುಕಿ ಹೋಗುವವರು ಹೆಚ್ಚಾದರು. ಲಲಿತಾ ಸಣ್ಣ ಶೆಡ್ಡಿನ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಫಿನಾಯಿಲ್ ತುಂಬಿದ ತಟ್ಟೆ ಇಟ್ಟು, ಅದರ ಪಕ್ಕ ಕೂತಳು. ಒಳಗಿನಿಂದ ಆಗಾಗ ಒಂದು ಸಪ್ಪಳ ಬರುತ್ತಿತ್ತು, ಗೋಡೆಗೆ ದೊಡ್ಡಾಕಿಯ ಹಣೆ ತಾಗುವ ಸಪ್ಪಳ. ಪ್ರತಿ ಸಲವೂ ಲಲಿತಾ ತಿರುಗಿ ಬಾಗಿಲ ಕಡೆ ನೋಡುತ್ತಿದ್ದಳು.

ಯಾಕೂಬ ಬಂದ. ಗಾಂಧಿ ಚೌಕದಿಂದ ನಮ್ಮಲ್ಲಿಗೆ ಆ ದಿನ ಅವನು ಬಂದ ವೇಗಕ್ಕೆ ಬೈಕಿನ ನೆರಳು ಇನ್ನೂ ದಾರಿಯಲ್ಲೇ ಇತ್ತು. ಲಲಿತಾ ಫಿನಾಯಿಲ್ ತಟ್ಟೆ ತೋರಿಸಿದಳು.

“ನಾ ಒಳಗ ಬರಾಂವನ ಅಲ್ಲಲ್ರಿ ವೈನಿ, ನನಗ್ಯಾಕ ಈ ಸ್ನಾನ,” ಎಂದ ಯಾಕೂಬ. ಅವಳ ಮುಖ ನೋಡಿದವನು ಮರುಮಾತಿಲ್ಲದೆ ಎರಡೂ ಕಾಲು ಅದ್ದಿದ.

ಹಳೆಯ ಮೀಟರನ್ನು ಮೊದಲು ಪರೀಕ್ಷಿಸಿದ. ಬಕೆಟ್ ಅಳೆದು ನೀರು ಹಾಯಿಸಿ ನೋಡಿ, ಇದು ಹರಿಶ್ಚಂದ್ರನ ವಂಶದ ಮೀಟರ್, ನಿನ್ನ ಮನೆಗೆ ಹ್ಯಾಂಗ ಬಂತೋ ಎಂದು ನನಗೆ ಚುಚ್ಚಿದ. ಆಮೇಲೆ ಗೋಡೆಯ ಹಿಂಬದಿಗೆ ಹೋಗಿ ಸಣ್ಣ ಶೆಡ್ಡಿಗೆ ಕವಲೊಡೆದ ಪೈಪಿನ ಹತ್ತಿರ ಕೂತ. ಪೈಪು ಕತ್ತರಿಸುವ ಮೊದಲು ಅಲ್ಲಿಯ ವಾಲ್ ಬಂದ್ ಮಾಡಬೇಕಲ್ಲ. ಹುಲ್ಲು ಸರಿಸಿ ಕೈ ಹಾಕಿದ. ಕೈ ಹಾಗೇ ನಿಂತಿತು.

“ಭೀಮಣ್ಣ,” ಎಂದ ಮೆಲ್ಲಗೆ. “ಬಂದ ಮಾಡಾಕ ಬಂದ್ರ ಇದು ಮೊದಲ ಬಂದ ಆಗೇದಲ್ಲೋ.”

ನಾನು ಬಗ್ಗಿ ನೋಡಿದೆ. ಕೆಂಪು ಹಿಡಿಕೆ ಪೈಪಿಗೆ ಅಡ್ಡ ನಿಂತಿತ್ತು. ಹಂದಿಗಳು ಕುಡಿಯದೆ ಇದ್ದದ್ದಲ್ಲ. ಅವುಗಳಿಗೆ ನೀರೇ ಹೋಗಿರಲಿಲ್ಲ.

ಯಾರೋ ಹೊಟ್ಟೆಕಿಚ್ಚಿಗೆ ಮಾಡಿದ್ದು ಎಂದು ನನ್ನ ತಲೆಯಲ್ಲಿ ಹತ್ತು ಹೆಸರು ಎದ್ದು ನಿಂತವು. ಒಂದೊಂದನ್ನೂ ಜೋರಾಗಿ ಹೇಳತೊಡಗಿದೆ. ಗೋಡೆಯ ಒಳಬದಿಯಿಂದ ಅಪ್ಪನ ದನಿ ಬಂತು.

“ಯಾರನೂ ಬೈಬ್ಯಾಡ. ಅದು ನಾ ಬಂದ ಮಾಡೇನಿ. ತಾಣ ಕೊಟ್ಟೇನಿ.”

“ಯಾರಿಗಿ ಯಪ್ಪಾ?”

“ಯಾರಿಗಂದ್ರ, ಹಂದಿಗಿ. ಒಂದೂ ಬೆದಿಗಿ ಬರವಲ್ದು ಅಂತ ಅಕಿ ದಿನಾ ಮರಗಾಕತ್ತಿದ್ಲು. ಗಿಡ ಆದ್ರೇನು ಹಂದಿ ಆದ್ರೇನು, ಹೆಣ್ಣ ಜೀವ. ಸ್ವಲ್ಪ ಬಾಯಾರಿಸಿ ನೀರ ಬಿಟ್ರ ಹೂ ಬಿಟ್ಟಂಗ ಬೆದಿಗಿ ಬರತಾವ.” ಸ್ವಲ್ಪ ತಡೆದು ಹೇಳಿದ, “ಬೇರು ಸಾಯಬಾರದು ಅಂತ ದಿನಾ ಒಂದೊಂದು ತಂಬಗಿ ಹಾಕೇನಿ.”

ಯಾಕೂಬ ಕೈಯಲ್ಲಿದ್ದ ಗರಗಸವನ್ನು ನೆಲದ ಮೇಲಿಟ್ಟ.  ಅಪ್ಪನ ಆ ‘ಮೊದಲ ಹಾಂಗ ಆಗತದ’ ಎನ್ನುವುದು ಎಲೆ ಉದುರಿಸುವ ಗಿಡದ ಮಾತಾಗಿತ್ತು. ಆ ಎಲೆ ಉದುರಿದ್ದನ್ನು ನೋಡಲು ಲಲಿತಾ ಒಳಗೆ ಹೋಗುವಂತಿರಲಿಲ್ಲ. ಹೋಗಬಾರದೆಂದು ಕಾನೂನು ಮಾಡಿದವಳು ಅವಳೇ.

ನಾನು ಒಂದೇ ನೆಗೆತಕ್ಕೆ ವಾಲಿನ ಮೇಲೆ ಬಿದ್ದು ಹಿಡಿಕೆ ತಿರುಗಿಸಿದೆ. ಪೈಪಿನೊಳಗೆ ನೀರು ಹಾವಿನಂತೆ ಸುಯ್ ಎಂದಿತು. ಆ ಸಪ್ಪಳಕ್ಕೆ ಶೆಡ್ಡಿನೊಳಗೆ ಏನೋ ಎದ್ದಿತು. ಮೂರು ದಿನ ಸುಮ್ಮನಿದ್ದ ಗಂಟಲುಗಳು ಒಮ್ಮೆಲೇ ಕಿರುಚಿದವು. ಕುರಿ ಕೊಯ್ಯುವುದನ್ನು ನೋಡಿ ಬೆಳೆದವನು ನಾನು, ಅಂಥ ಕಿರುಚಾಟ ಕೇಳಿರಲಿಲ್ಲ. ಅಷ್ಟರಲ್ಲಿ, ಬಾಗಿಲ ಹತ್ತಿರ ಕೂತೇ ಅಪ್ಪನ ಮಾತೆಲ್ಲ ಕೇಳಿಸಿಕೊಂಡಿದ್ದ ಲಲಿತಾ ಫೋನ್ ಹಿಡಿದುಕೊಂಡೇ ಗೋಡೆ ಸುತ್ತಿ ಓಡಿ ಬಂದಳು. ಡಾಕ್ಟರಿಗೆ ವಿಷಯ ಹೇಳಿ ಮುಗಿಸಿರಲಿಲ್ಲ, ಅವರ ದನಿ ಫೋನಿನ ಹೊರಗೂ ಕೇಳುತ್ತಿತ್ತು.

“ನೀರ ಬಿಡಬ್ಯಾಡ್ರಿ. ಒಮ್ಮಿಗೇ ಕುಡದ್ರ ಸಾಯ್ತಾವ.”

“ಬಂದ ಮಾಡ್ರಿ,” ಎಂದಳು ಲಲಿತಾ ನನಗೆ.

ನಾಲ್ಕು ಬೆಟ್ಟ ಎತ್ತಿದ ಕೈ ಇದು ಎಂದು ನಾನು ಎಷ್ಟು ಜಾತ್ರೆಗಳಲ್ಲಿ ಹೇಳಿಕೊಂಡಿದ್ದೇನೆ. ಆ ಹಿಡಿಕೆಯಷ್ಟು ಭಾರವಾದದ್ದನ್ನು ಎತ್ತಿರಲಿಲ್ಲ. ಆ ಕಿರುಚಾಟ ಕೇಳುತ್ತ, ಬಾಯಿಗೆ ಬಂದ ನೀರನ್ನು ವಾಪಸು ಕಸಿದುಕೊಂಡಂತೆ ಅದನ್ನು ಮತ್ತೆ ಅಡ್ಡ ಮಾಡಿದೆ.

ಡಾಕ್ಟರ್ ಫೋನಿನಲ್ಲೇ ಬಿಡಿಸಿ ಹೇಳಿದರು. ಖಾನಾವಳಿಯ ಊಟದಲ್ಲಿ ಉಪ್ಪು ಹೆಚ್ಚು. ನೀರಿಲ್ಲದೆ ಆ ಉಪ್ಪು ರಕ್ತದಲ್ಲಿ, ಮೆದುಳಿನಲ್ಲಿ ಕೂತಿದೆ. ತಲೆ ಗೋಡೆಗೆ ಒತ್ತುವುದು ಅದಕ್ಕೇ. ಈಗ ನೀರು ಒಮ್ಮೆಲೇ ಹೋದರೆ ಆ ಉಪ್ಪು ನೀರನ್ನು ಎಳೆದುಕೊಂಡು ಮೆದುಳು ಊದುತ್ತದೆ, ಬಾಯಾರಿಕೆಗೆ ಸಾಯದ್ದು ನೀರಿಗೆ ಸಾಯುತ್ತದೆ. ಸ್ವಲ್ಪವೇ ಸ್ವಲ್ಪ ಕೊಡಬೇಕು, ನಿಲ್ಲಿಸಬೇಕು, ಮತ್ತೆ ಕೊಡಬೇಕು. ಸಂಜೆಯವರೆಗೆ, ರಾತ್ರಿಯೂ, ನಾಳೆಯೂ. ಒಂದಕ್ಕೆ ಹೆಚ್ಚು ಸಿಕ್ಕರೂ ಅದು ಉಳಿಯುವುದಿಲ್ಲ.

ಲಲಿತಾ ಹಗ್ಗ ದಾಟಿ ಸಣ್ಣ ಶೆಡ್ಡಿನ ಬಾಗಿಲು ತೆಗೆದಳು. ಹಿಂದೆ ನಾನು ತಂಬಿಗೆ, ಬಕೆಟ್ ಹಿಡಿದುಕೊಂಡು ಹೋದೆ. ಅಪ್ಪ ಮೂಲೆಯಲ್ಲಿ ನಿಂತಿದ್ದ. ಫೋನಿನ ಮಾತು ಅವನಿಗೂ ಕೇಳಿತ್ತು. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಕಂಡಿರಲಿಲ್ಲ. ಲಲಿತಾ ಅವನಿಗೆ ಒಂದು ಮಾತು ಬೈಯಲಿಲ್ಲ, ಒಂದು ಮಾತು ಆಡಲೂ ಇಲ್ಲ. ಅದು ಬೈಗುಳಕ್ಕಿಂತ ಕೆಟ್ಟದ್ದು.

ನಾನು ತಂಬಿಗೆ ತುಂಬ ನೀರು ತೆಗೆದುಕೊಂಡು ದೊಡ್ಡಾಕಿಯ ಹತ್ತಿರ ಹೋದೆ. ಕಣ್ಣು ಕಾಣದಿದ್ದರೂ ಅವಳಿಗೆ ನೀರಿನ ವಾಸನೆ ಕಂಡಿತು. ತಂಬಿಗೆಯನ್ನೇ ನುಂಗುವಂತೆ ಮೂತಿ ಚಾಚಿದಳು. ಅಪ್ಪ ಬಂದು ನನ್ನ ಮಣಿಕಟ್ಟು ಹಿಡಿದ.

“ತುಂಬ ಹಿಡೀಬ್ಯಾಡಲೇ. ತಾಣ ಮುರಿಯೂದು ಹಾಂಗಲ್ಲ. ಮೊದಲಿನ ನೀರ ಬೇರಿಗಿ ತೋರಸೂದು, ಕುಡಸೂದಲ್ಲ.”

ದಾಳಿಂಬೆಗೂ ಹಾಗೆಯೇ. ತಾಣದ ನಂತರ ಒಮ್ಮೆಲೇ ನೀರು ಹಾಯಿಸಿದರೆ ಬಂದ ಹೂವೂ ಉದುರಿ ಹೋಗುತ್ತದೆ. ಮೊದಲು ಮಣ್ಣು ಹಸಿಯಾಗುವಷ್ಟು, ಆಮೇಲೆ ಅದಕ್ಕಿಂತ ತುಸು ಹೆಚ್ಚು. ಅಪ್ಪ ಲಲಿತಾಳ ಕಡೆ ನೋಡಿದ. ಅವಳು ತಂಬಿಗೆಯನ್ನು ನನ್ನ ಕೈಯಿಂದ ತೆಗೆದು ಅವನ ಮುಂದೆ ಹಿಡಿದಳು. ಎಷ್ಟು ಎಂದು ಮಾತ್ರ ತಾನೇ ಸುರಿದು ತೋರಿಸಿದಳು, ತಳ ಮುಳುಗುವಷ್ಟು.

ಹೀಗೆ ಶುರುವಾಯಿತು. ಅಪ್ಪ ಒಂದೊಂದಕ್ಕೆ ಅಷ್ಟಷ್ಟು ಕುಡಿಸುತ್ತಿದ್ದ. ನಾನು ಎರಡು ಮರದ ಹಲಗೆ ಹಿಡಿದು, ಒಂದರ ಪಾಲಿಗೆ ಇನ್ನೊಂದು ನುಗ್ಗದಂತೆ ನಡುವೆ ನಿಲ್ಲುತ್ತಿದ್ದೆ. ಒಂದು ನನ್ನ ಮೊಣಕಾಲಿಗೆ ಗುದ್ದಿದ ಗುದ್ದಿಗೆ ನಾನು ಹಾರಿ ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಬೀಳಬೇಕಿತ್ತು, ಗೋಡೆ ಅಡ್ಡ ಬಂತು. ಲಲಿತಾ ಕೈಯಲ್ಲಿ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತು, ಈಗ ಎನ್ನುತ್ತಿದ್ದಳು, ಸಾಕು ಎನ್ನುತ್ತಿದ್ದಳು. ಬೇರೆ ಮಾತಿರಲಿಲ್ಲ. ಸಾಕು ಎಂದಾಗ ಅಪ್ಪ ತಂಬಿಗೆ ಹಿಂದೆ ತೆಗೆಯುತ್ತಿದ್ದ. ದೊಡ್ಡಾಕಿ ಖಾಲಿ ಗಾಳಿಯನ್ನು ನೆಕ್ಕುತ್ತಿದ್ದಳು. ಅಪ್ಪ ಮುಖ ಆಚೆ ಮಾಡುತ್ತಿದ್ದ. ಮೂರು ದಿನ ಯಾರನ್ನೂ ಕೇಳದೆ ನೀರು ತಡೆದಿದ್ದವನು, ಈಗ ಒಂದು ಗುಟುಕು ತಡೆಯುವುದಕ್ಕೂ ಲಲಿತಾಳ ಮಾತಿಗೆ ಕಾಯುತ್ತಿದ್ದ.

ಮಧ್ಯಾಹ್ನ ಡಾಕ್ಟರ್ ಬಂದು ಸೂಜಿ ಹಾಕಿದರು, ರಕ್ತ ತೆಗೆದುಕೊಂಡರು. ಕಾಲು ಝಾಡಿಸುತ್ತಿದ್ದ ಸಣ್ಣವಳು ಅವರ ಕೈಯಲ್ಲೇ ಉಸಿರು ಬಿಟ್ಟಳು. ಅವಳು ನೀರಿನ ಪಾಲು ಸಿಗುವ ಮೊದಲೇ ನಮ್ಮಿಂದ ದೂರ ಹೋಗಿದ್ದಳು ಎಂದರು ಡಾಕ್ಟರ್. ಸಮಾಧಾನಕ್ಕೆ ಹೇಳಿದರೋ ನಿಜವೋ ನಾನು ಕೇಳಲಿಲ್ಲ. ಲಕ್ಷಣ ನೋಡಿದರೆ ಇದು ಜ್ವರ ಅಲ್ಲ, ಆದರೆ ರಕ್ತದ ವರದಿ ಬರುವ ತನಕ ಬಾಗಿಲ ಹಗ್ಗ ಬಿಚ್ಚಬೇಡಿ ಎಂದು ಹೇಳಿ ಹೋದರು. ಸತ್ತವಳನ್ನು ತೋಟದ ಅಂಚಿನಲ್ಲಿ ಸುಣ್ಣ ಹಾಕಿ ಹುಗಿದೆವು. ಯಾಕೂಬ ಆ ಹೊತ್ತಿಗೆ ಗೋಡೆಯ ಹೊರಗೆ ಹೊಸ ಮೀಟರ್ ಕೂರಿಸಿ ಮುಗಿಸಿದ್ದ, ಆದರೂ ಮನೆಗೆ ಹೋಗಿರಲಿಲ್ಲ. ಬೇಲಿಯಾಚೆ ಬೈಕಿನ ಮೇಲೆ ಕೂತು, ಉಳಿದವು ಹ್ಯಾಂಗದಾವ ಎಂದು ಕೇಳುತ್ತಿದ್ದ. ಕತ್ತಲಾದ ಮೇಲೆ ನಾನೇ ಬೈದು ಕಳಿಸಿದೆ.

ಆ ರಾತ್ರಿಯನ್ನು ಬಿಟ್ಟುಬಿಡುತ್ತೇನೆ. ತಂಬಿಗೆ, ಗಡಿಯಾರ, ಈಗ, ಸಾಕು. ಅಷ್ಟೇ.

ಬೆಳಕು ಹರಿಯುವಾಗ ದೊಡ್ಡಾಕಿ ಗೋಡೆ ಬಿಟ್ಟು ಈ ಕಡೆ ತಿರುಗಿದ್ದಳು. ಲಲಿತಾ ಅವಳ ಕಣ್ಣಿನ ಮುಂ‍ದೆ ಕೈ ಆಡಿಸಿದಳು. ರೆಪ್ಪೆ ಮುಚ್ಚಿತು. ಇನ್ನೊಮ್ಮೆ ಆಡಿಸಿದಳು, ಮತ್ತೆ ಮುಚ್ಚಿತು. ಆಮೇಲೆ ದೊಡ್ಡಾಕಿ ನಿಧಾನಕ್ಕೆ, ಕುಡಿದವರು ಮನೆಗೆ ನಡೆದಂತೆ ನಡೆದು, ನಿಪ್ಪಲ್ಲಿನ ಹತ್ತಿರ ಹೋಗಿ ಮೂತಿಯಿಂದ ಒತ್ತಿದಳು. ನೀರು ಬರಲಿಲ್ಲ. ತಿರುಗಿ ನಮ್ಮನ್ನು ನೋಡಿದಳು. ಇಡೀ ಜಿಲ್ಲೆಯಲ್ಲಿ ನನ್ನನ್ನು ಯಾರೂ ಅಷ್ಟು ಬೈದಿಲ್ಲ.

ಲಲಿತಾ ಡಾಕ್ಟರಿಗೆ ಫೋನ್ ಮಾಡಿ, ನಿಪ್ಪಲ್ ಹುಡುಕಿಕೊಂಡು ಹೋದಳೆಂದು ಹೇಳಿದಳು. ಇನ್ನು ಪೈಪಿನ ನೀರು ಕೊಡಬಹುದು, ಆದರೆ ಸಣ್ಣಗೆ ಬರಲಿ, ನೋಡುತ್ತ ನಿಲ್ಲಿ ಎಂದರು. ಲಲಿತಾ ಗೋಡೆಯ ಹಿಂಬದಿಗೆ ಹೋದಳು. ಹಿಂದೆ ನಾನು, ನನ್ನ ಹಿಂದೆ ಅಪ್ಪ. ಅಪ್ಪ ವಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ, ಹಿಡಿಕೆ ಮುಟ್ಟಲಿಲ್ಲ. ಎಪ್ಪತ್ತು ದಾಟಿದ ಮುದುಕ, ಅವನ ಕೈಗುಣಕ್ಕೆ ಸೋಲಾಪುರದಿಂದ ಜನ ಬರುತ್ತಾರೆ. ಸೊಸೆಯ ಕಡೆ ನೋಡಿದ.

“ತಗೀಲೇನ ಬೇ?”

ಈಗ, ಸಾಕು ಎಂಬುದನ್ನು ಬಿಟ್ಟರೆ ನಿನ್ನೆಯಿಂದ ಲಲಿತಾ ಅವನಿಗೆ ಆಡಿದ ಮೊದಲ ಮಾತು ಇದು:

“ಅರ್ಧಾ ತಗೀರಿ, ಮಾವಾರ. ನಾ ಒಳಗ ನಿಂತು ನೋಡ್ತೇನಿ.”

ಅಪ್ಪ ಹಿಡಿಕೆಗೆ ಎರಡೂ ಕೈ ಹಾಕಿದ.